ಪಾಠ ಪುಕ್ಕಟೆ ಸಿಗುತ್ತದೆ, ಫೀಸು ಯಾತಕ್ಕೆ?

(ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಎಂ.ಎ., ಎಂ.ಕಾಂ., ಎಂಬಿಎ ಓದುತ್ತಿರುವವರಿಗೆ ಮತ್ತು ಓದಬೇಕು ಅಂತಿರುವವರಿಗೆ ಹಾಸನದ ಕಾಲೇಜೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮನೆ ಕೆಲಸ ಬಿಟ್ಟು ಬಂದಿದ್ದೀರಿ. ಅರಕಲಗೂಡು, ಆಲೂರು, ಸಕಲೇಶಪುರದಿಂದ ಬಸ್ಸು ಹತ್ತಿ ಬಂದವರೂ ಇದ್ದೀರಿ. ಅದಕ್ಕೇ ಪೀಠಿಕೆ ಬೇಡ.

ಮೊದಲಿಗೆ ಒಂದು ಪ್ರಶ್ನೆ. ಇವತ್ತು ಅರ್ಥಶಾಸ್ತ್ರದ ಎಂ.ಎ. ಪಾಠ ಕೇಳಲು ದುಡ್ಡು ಬೇಕಾ? ಬೇಡ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ 'ಸ್ವಯಂ' ಇದೆ, 2017ರಿಂದ ನಡೀತಾ ಇದೆ. ಇ-ಪಿಜಿ ಪಾಠಶಾಲಾದಲ್ಲಿ ಸ್ನಾತಕೋತ್ತರ ಮಟ್ಟದ ಪಾಠಗಳು ವಿಷಯವಾರು ಜೋಡಿಸಿಟ್ಟಿವೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದ ಪಠ್ಯಪುಸ್ತಕಗಳು ಇ-ಜ್ಞಾನಕೋಶದಲ್ಲಿ ಪಿಡಿಎಫ್ ಆಗಿ ಸಿಗುತ್ತವೆ, ಇಗ್ನೋಗೆ ಸೇರದವರೂ ಇಳಿಸಿಕೊಳ್ಳಬಹುದು. ಯೂಟ್ಯೂಬ್ ಅಂತೂ ಹೇಳುವುದೇ ಬೇಡ. ಪಾಠ ಎಲ್ಲ ಪುಕ್ಕಟೆ ಅಂದಮೇಲೆ ನೀವು ಕಟ್ಟುವ ಸಾವಿರಗಟ್ಟಲೆ ಫೀಸು ಯಾತಕ್ಕೆ?

ಸರ್ಟಿಫಿಕೇಟಿಗೆ ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಹೌದು, ಅದಕ್ಕೂ ಸೇರಿ. ಆದರೆ ಅದಕ್ಕಿಂತ ಮುಂಚೆ ಬೇರೆ ಏನೇನೋ ಇದೆ. ನೀವು ಬರೆದದ್ದನ್ನು ಒಬ್ಬರು ಓದಿ ತಿದ್ದಬೇಕು, ಅದಕ್ಕೆ ಫೀಸು. ಅರ್ಥವಾಗದ್ದನ್ನು ಕೇಳಿದರೆ ಉತ್ತರ ಬರಬೇಕು. ಲೈಬ್ರರಿಯ ಪಾಸ್‌ವರ್ಡ್ ಸಿಗಬೇಕು. ಪರೀಕ್ಷೆಗೆ ಜಾಗ, ಕಣ್ಣು ಕಾಣದವರಿಗೆ ಬರೆದುಕೊಡುವವರು, ಲಾಗಿನ್ ಕೈಕೊಟ್ಟರೆ ಸರಿಮಾಡುವವರು, ಇವೆಲ್ಲ ಆ ಫೀಸಿನೊಳಗೇ ಬರುತ್ತವೆ. ನಮ್ಮವರು ಪಾಠದ ವಿಡಿಯೋ ಒಂದನ್ನು ಬಿಟ್ಟು ಇದ್ಯಾವುದನ್ನೂ ಕೇಳಿ ಪಡೆಯುವುದಿಲ್ಲ. ಪುಕ್ಕಟೆ ಸಿಗುವುದನ್ನು ಮಾತ್ರ ತಗೊಂಡು, ದುಡ್ಡು ಕೊಟ್ಟದ್ದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ. ಕೊಟ್ಟ ಫೀಸನ್ನು ವಸೂಲಿ ಮಾಡಿಕೊಳ್ಳುವುದು ಹೇಗೆ ಅಂತ.

ಇಲ್ಲಿನ ಸ್ನಾತಕೋತ್ತರ ಕ್ಯಾಂಪಸ್ಸು ಹೇಮಗಂಗೋತ್ರಿಗೆ ದಿನಾ ಹೋಗಿ ಓದುವ ಹುಡುಗನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವನು ಮೇಷ್ಟ್ರ ರೂಮಿನ ಬಾಗಿಲಲ್ಲಿ ನಿಂತರೆ ಸಾಕು, ಏನಪ್ಪಾ ಅಂತ ಅವರೇ ಕೇಳುತ್ತಾರೆ. ಆಫೀಸಿನ ಗುಮಾಸ್ತರು ಕ್ಯಾಂಟೀನಿನಲ್ಲಿ ಸಿಗುತ್ತಾರೆ. ಫಾರಂ ತುಂಬುವ ಕೊನೆ ದಿನ ಯಾವತ್ತು ಅಂತ ಗೆಳೆಯರು ಹೇಳುತ್ತಾರೆ. ಆನ್‌ಲೈನ್ ಓದಿನಲ್ಲಿ ಈ ಬಾಗಿಲೂ ಇಲ್ಲ, ಕ್ಯಾಂಟೀನೂ ಇಲ್ಲ. ನೆರವು ಇರುತ್ತದೆ, ಆದರೆ ಮುಚ್ಚಿಕೊಂಡು ಇರುತ್ತದೆ. ಕೇಳದಿದ್ದರೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಫೀಸು ಕಟ್ಟುವ ಮುಂಚೆ ನೋಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ದಂಡ. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿಯ 2020ರ ನಿಯಮಾವಳಿ ಇದೆ. ಅದರ ಪ್ರಕಾರ ಮಾನ್ಯತೆ ಇರುವ ಕೋರ್ಸು ಮಾಡಿದರೆ, ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2022ರಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಗಮನಿಸಿ, ಮಾನ್ಯತೆ ವಿಶ್ವವಿದ್ಯಾಲಯಕ್ಕೆ ಇದ್ದರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಇರಬೇಕು. ಯುಜಿಸಿಯ ದೂರಶಿಕ್ಷಣ ವಿಭಾಗ, ಅಂದರೆ ಡಿಇಬಿಯ ವೆಬ್‌ಸೈಟಿನಲ್ಲಿ ಆ ಪಟ್ಟಿ ಇರುತ್ತದೆ. ಯಾರ ಮಾತನ್ನೂ ನಂಬದೆ ನೀವೇ ತೆಗೆದು ನೋಡಿ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅನ್ನುವುದು ನಮ್ಮ ಕರ್ನಾಟಕದವರಿಗೆ ಗೊತ್ತಿರಬೇಕು. ಮೈಸೂರಿನ ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಶುರುವಾದದ್ದು 1996ರಲ್ಲಿ. ಸಾವಿರಾರು ಜನ ಅಲ್ಲಿ ಓದಿ ಮೇಲೆ ಬಂದಿದ್ದಾರೆ. ಆದರೆ 2013-14ರಿಂದ ಅದಕ್ಕೆ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ರ ಸಾಲಿನಿಂದ. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ನಿಮ್ಮ ಬೀದಿಯಲ್ಲೇ ಯಾರಾದರೂ ಹೇಳಿಯಾರು. ಈಗ ಅದು ಹಿಂದಿನ ಮಾತು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಅವರ ಪ್ರಾದೇಶಿಕ ಕೇಂದ್ರಗಳಿವೆ, ಹೋಗಿ ಕೇಳಬಹುದು.

2024ರಿಂದ ಇನ್ನೊಂದು ನಿಯಮ ಬಂದಿದೆ. ಸೇರುವ ಮುಂಚೆ ವಿದ್ಯಾರ್ಥಿಯೇ ಡಿಇಬಿ ಐಡಿ ಮಾಡಿಸಿಕೊಳ್ಳಬೇಕು. ಅದಕ್ಕೆ ಎಬಿಸಿ ಐಡಿ, ಅಂದರೆ ನಿಮ್ಮ ಓದಿನ ಲೆಕ್ಕ ಇಡುವ ಖಾತೆಯ ನಂಬರು ಬೇಕು, ಅದು ಡಿಜಿಲಾಕರ್ ಮೂಲಕ ಆಧಾರ್‌ನಿಂದ ಆಗುತ್ತದೆ. ಕೇಳಲು ಸುಲಭ. ಕೂತು ಮಾಡುವಾಗ ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮುಂದೆ. ಇನ್ನೊಬ್ಬರಿಗೆ ಇನಿಷಿಯಲ್ ಬದಲು ಊರಿನ ಪೂರ್ತಿ ಹೆಸರೇ ಬಂದುಬಿಟ್ಟಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ಪದವಿಯ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು. ಪ್ರವೇಶದ ಕೊನೆ ವಾರದಲ್ಲಿ ಇದು ಗೊತ್ತಾದರೆ ಆ ಸಾಲು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಕೋರ್ಸು ಯಾವುದು ಅಂತ ತೀರ್ಮಾನಿಸುವ ಮುಂಚೆಯೇ ಹೆಸರು ಸರಿಮಾಡಿಸಿಕೊಳ್ಳಿ.

ಮತ್ತೆ ಏಜೆಂಟರು. ಪೂರ್ತಿ ಆನ್‌ಲೈನ್ ಕೋರ್ಸಿಗೆ ನಿಮ್ಮೂರಿನಲ್ಲಿ ಶಾಖೆ ತೆರೆಯುವ ಪದ್ಧತಿಯೇ ಇಲ್ಲ. ಫ್ರಾಂಚೈಸಿ ಕೊಡುವುದನ್ನು ನಿಯಮ ಒಪ್ಪುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬೋರ್ಡು ಹಾಕಿಕೊಂಡು 'ಪರೀಕ್ಷೆಯ ಚಿಂತೆ ನಮಗೆ ಬಿಡಿ' ಅನ್ನುವವರು ಸಿಕ್ಕರೆ ಚಿಂತೆ ಶುರುವಾಗಬೇಕಾದ್ದು ಅಲ್ಲೇ. ಆನ್‌ಲೈನ್‌ನಲ್ಲಿ ಪಿಎಚ್‌ಡಿ ಕೊಡಿಸುತ್ತೇವೆ ಅನ್ನುವವರೂ ಇದ್ದಾರೆ. ಪಿಎಚ್‌ಡಿ, ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು, ಕೃಷಿ, ತೋಟಗಾರಿಕೆ, ಇವು ದೂರಶಿಕ್ಷಣದಲ್ಲೂ ಇಲ್ಲ, ಆನ್‌ಲೈನ್‌ನಲ್ಲೂ ಇಲ್ಲ. 2025ರ ಜುಲೈ ಸಾಲಿನಿಂದ ಮನಶ್ಶಾಸ್ತ್ರವನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ಎಂ.ಎ. ಸೈಕಾಲಜಿಗೆ ಸೇರಬೇಕು ಅಂತ ಬಂದವರು ಇಲ್ಲೇ ಇದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ದುಡ್ಡು ಕಟ್ಟಬೇಡಿ.

ಇನ್ನು ಓದಿಗೆ ಬರೋಣ. ಸೇರುವಾಗ ಎಲ್ಲರೂ ಕೇಳುವುದು ಎಷ್ಟು ಪೇಪರು ಅಂತ. ಕೇಳಬೇಕಾದ್ದು ಎಷ್ಟು ಗಂಟೆ ಅಂತ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಬಹಳಷ್ಟು ಎಂ.ಎ. ಕೋರ್ಸುಗಳು 80 ಕ್ರೆಡಿಟ್‌ನವು. ಗುಣಿಸಿ ನೋಡಿ, 2400 ಗಂಟೆ. ಎರಡು ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ 23 ಗಂಟೆ ಓದಬೇಕು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಬರುವವರಿಗೆ ಇದು ಆಗುವ ಮಾತಾ? ಆದರೆ ಅದೇ ಕೋರ್ಸು ಮುಗಿಸಲು ಗರಿಷ್ಠ ನಾಲ್ಕು ವರ್ಷ ಕೊಡುತ್ತಾರೆ. ನಾಲ್ಕು ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ. ದಿನಕ್ಕೆ ಒಂದು ಗಂಟೆ, ಭಾನುವಾರ ಐದೂವರೆ. ಇದು ಆಗುತ್ತದೆ. ಜಾಸ್ತಿ ಸಮಯ ತಗೊಳ್ಳುವುದು ನಾಚಿಕೆಯ ವಿಷಯ ಅಲ್ಲ. ನಿಯಮವೇ ಕೊಟ್ಟ ಅವಕಾಶ ಅದು.

ನಾನು ಭಾನುವಾರದ ತರಗತಿಗಳಲ್ಲಿ ಕಂಡ ಹಾಗೆ, ಓದು ನಿಲ್ಲಿಸಿದವರಲ್ಲಿ ಬುದ್ಧಿ ಸಾಲದೆ ನಿಲ್ಲಿಸಿದವರು ಕಡಿಮೆ. ತಾರೀಕು ತಪ್ಪಿ ನಿಲ್ಲಿಸಿದವರೇ ಜಾಸ್ತಿ. ಅಸೈನ್‌ಮೆಂಟ್ ಕೊಡುವ ದಿನ ಬೇರೆ, ಪರೀಕ್ಷೆ ಫಾರಂ ತುಂಬುವ ದಿನ ಬೇರೆ, ಮುಂದಿನ ವರ್ಷಕ್ಕೆ ಮರುನೋಂದಣಿ ಮಾಡುವ ದಿನ ಬೇರೆ. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಇರುತ್ತವೆ. ಪರೀಕ್ಷೆ ಬರೆದಿಲ್ಲ, ಆಮೇಲೆ ಮರುನೋಂದಣಿ ಮಾಡಿದರಾಯಿತು ಅಂದುಕೊಂಡು ಕೂತವರು ಒಂದು ವರ್ಷ ಕಳೆದುಕೊಂಡಿದ್ದಾರೆ.

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಒಬ್ಬರು ಎಂ.ಕಾಂ. ಓದುತ್ತಿದ್ದರು. ಲೆಕ್ಕದಲ್ಲಿ ಗಟ್ಟಿಗರು. ಆದರೆ ಡಿಸೆಂಬರ್ ಪರೀಕ್ಷೆ ಬಂತು ಅಂದರೆ ಅವರ ಮುಖ ಬಾಡುತ್ತಿತ್ತು. ಯಾಕೆ ಹೇಳಿ? ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಬೆಳಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ರಾತ್ರಿ ಬಟವಾಡೆ ಲೆಕ್ಕ. ಜನವರಿ ಕಳೆಯುವಷ್ಟರಲ್ಲಿ ರೋಬಸ್ಟಾ ಬರುತ್ತದೆ. ಮಳೆಗಾಲದಲ್ಲಿ ಕೊಂಚ ಬಿಡುವು ಇದೆ, ಆದರೆ ಆಗ ನೆಟ್ ಇರುವುದಿಲ್ಲ. ವಿಶ್ವವಿದ್ಯಾಲಯದ ಕ್ಯಾಲೆಂಡರು ದೆಹಲಿಯಲ್ಲೋ ಮೈಸೂರಿನಲ್ಲೋ ಕೂತು ಮಾಡಿದ್ದು. ಅದಕ್ಕೆ ತೋಟದ ಕ್ಯಾಲೆಂಡರು ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ನಾವಿಬ್ಬರೂ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಯಾವ ಪೇಪರನ್ನು ಯಾವಾಗ ಬರೆಯಬೇಕು ಅಂತ ಆರಿಸಿಕೊಳ್ಳುವ ಅವಕಾಶ ಅವರ ಕೋರ್ಸಿನಲ್ಲಿ ಇತ್ತು. ಕಷ್ಟದ ಪೇಪರುಗಳನ್ನೆಲ್ಲ ಜೂನ್‌ಗೆ ಹಾಕಿ, ಡಿಸೆಂಬರ್‌ಗೆ ಒಂದೋ ಎರಡೋ ಹಗುರದವನ್ನು ಇಟ್ಟುಕೊಂಡರು. ಇಂಥ ಸಲಹೆಗೇ ವಿಶ್ವವಿದ್ಯಾಲಯಗಳು ಕೌನ್ಸೆಲರ್, ಮೆಂಟರ್ ಅಂತ ಜನರನ್ನು ಇಟ್ಟಿರುತ್ತವೆ. ಸೇರಿದ ಮೊದಲ ತಿಂಗಳೇ ಅವರು ಯಾರು ಅಂತ ಕೇಳಿ ತಿಳಿದುಕೊಳ್ಳಿ. ಕೇಳಿದರೆ ಬೈಯುತ್ತಾರೇನೋ ಅಂತ ಹೆದರಬೇಡಿ. ಅವರ ಕೆಲಸವೇ ಅದು.

ಈಗ ಅಸೈನ್‌ಮೆಂಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ನನಗೆ ಸಿಟ್ಟು ಬರುವ ಜಾಗ ಇದು.

ಸಾಮಾನ್ಯವಾಗಿ 100ರಲ್ಲಿ 30 ಅಂಕ ಅಸೈನ್‌ಮೆಂಟಿಗೆ, 70 ಪರೀಕ್ಷೆಗೆ. ಇಗ್ನೋದಂಥ ಕಡೆ ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೆ ಅಂತ ಅಸೈನ್‌ಮೆಂಟ್ ಬಿಡುವ ಹಾಗಿಲ್ಲ. ಈ 30 ಅಂಕಕ್ಕೆ ನಮ್ಮವರು ಕಂಡುಕೊಂಡ ದಾರಿ ಝೆರಾಕ್ಸ್ ಅಂಗಡಿ. ರೆಡಿಮೇಡ್ ಉತ್ತರ ಸಿಗುತ್ತದೆ. ಕೈಬರಹದಲ್ಲಿ ಬೇಕಾದರೆ ರೇಟು ಬೇರೆ. ಒಂದೇ ಉತ್ತರ, ಒಂದೇ ಉದಾಹರಣೆ, ಒಂದೇ ಕಾಗುಣಿತ ತಪ್ಪು ಹದಿನೈದು ಜನರ ಪುಸ್ತಕದಲ್ಲಿ ಬರುತ್ತದೆ. ತಿದ್ದುವವರಿಗೆ ಗೊತ್ತಾಗುವುದಿಲ್ಲ ಅಂತ ಅಂದುಕೊಂಡಿದ್ದೀರಾ? ಮೂರನೇ ಪುಸ್ತಕಕ್ಕೇ ಗೊತ್ತಾಗುತ್ತದೆ. ಆಮೇಲಿನವಕ್ಕೆ ಅವರು ಸುಮ್ನೆ ಒಂದು ಗೆರೆ ಎಳೆದು ಅಂಕ ಹಾಕಿ ಕಳಿಸುತ್ತಾರೆ. ನಷ್ಟ ಅವರಿಗಲ್ಲ.

ನೀವೇ ಬರೆದ ಉತ್ತರಕ್ಕೆ ಏನಾಗುತ್ತದೆ ನೋಡಿ. ಒಬ್ಬ ಹುಡುಗಿ, ಬೇಲೂರಿನ ಕಡೆಯವಳು, ಇತಿಹಾಸದ ಎಂ.ಎ. ಹೊಯ್ಸಳರ ಕಾಲದ ದೇವಸ್ಥಾನಗಳ ಆರ್ಥಿಕತೆಯ ಬಗ್ಗೆ ಪ್ರಶ್ನೆ ಇತ್ತು. ನಾಲ್ಕು ಪುಟ ಬರೆದಿದ್ದಳು, ಪೂರ್ತಿ ಶಿಲ್ಪದ ವರ್ಣನೆ. ಶಿಲಾಬಾಲಿಕೆಯರು, ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ಎಲ್ಲ ಸರಿಯಾಗಿಯೇ ಇತ್ತು. ಮಾರ್ಜಿನ್‌ನಲ್ಲಿ ತಿದ್ದಿದವರು ಕೆಂಪು ಇಂಕಿನಲ್ಲಿ ಎರಡೇ ಸಾಲು ಬರೆದಿದ್ದರು: 'ಇದೆಲ್ಲ ಕಟ್ಟಡದ ಮಾತು. ದತ್ತಿ ಯಾರು ಕೊಟ್ಟರು, ಜಮೀನು ಯಾರು ಉತ್ತರು, ಶಾಸನದಲ್ಲಿ ನೋಡಿದಿರಾ?' ಅವಳು ಮೊದಲು ಅತ್ತಳು. ಆಮೇಲೆ ಹೋಗಿ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ ಹುಡುಕಿದಳು. ಮುಂದಿನ ಉತ್ತರಗಳಲ್ಲಿ ಅವಳು ಪ್ರಶ್ನೆ ಏನು ಕೇಳುತ್ತಿದೆ ಅಂತ ನೋಡಿ ಬರೆಯುವುದು ಕಲಿತಳು. ಪುಕ್ಕಟೆ ಪಾಠಗಳಲ್ಲಿ ಈ ಎರಡು ಸಾಲು ಸಿಗುವುದಿಲ್ಲ. ನಿಮ್ಮ ಬರಹವನ್ನು ಓದಿ ನಿಮಗೇ ಅಂತ ಬರೆದದ್ದು ಅದು. ಝೆರಾಕ್ಸ್ ಅಂಗಡಿಯ ಉತ್ತರಕ್ಕೆ ಬಂದ ಟೀಕೆ ಯಾರಿಗೆ ಉಪಯೋಗ? ಅಂಗಡಿಯವರಿಗಾ?

ಚಾಟ್‌ಜಿಪಿಟಿಯಿಂದ ಬರೆಸಿದರೂ ಇದೇ ಕಥೆ. ಅರ್ಥವಾಗದ ಪಾಠವನ್ನು ಬಿಡಿಸಿ ಹೇಳು ಅಂತ ಕೇಳಿ, ನನ್ನ ತಕರಾರಿಲ್ಲ. ಅದು ಬರೆದದ್ದನ್ನು ನಿಮ್ಮ ಹೆಸರಲ್ಲಿ ಕೊಟ್ಟರೆ ತಿದ್ದಿಸಿಕೊಂಡದ್ದು ಯಂತ್ರ, ನೀವಲ್ಲ. ಇನ್ನು ಕೊನೆಯ ವರ್ಷ ಪ್ರಾಜೆಕ್ಟ್ ಅಥವಾ ಡಿಸರ್ಟೇಶನ್ ಇರುವವರು ಹುಷಾರಾಗಿರಿ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. ಅದು ದಾಟಿ 40ರೊಳಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಕೊಡುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಎಲ್ಲಿಂದ ತಗೊಂಡಿರಿ ಅಂತ ಬರೆದುಕೊಳ್ಳುವ ಅಭ್ಯಾಸ ಮೊದಲ ಅಸೈನ್‌ಮೆಂಟಿನಿಂದಲೇ ಇದ್ದರೆ ಈ ಲೆಕ್ಕ ನಿಮಗೆ ಬೇಕಾಗುವುದೇ ಇಲ್ಲ.

ನೆರವು ಕೇಳುವುದು ಹೇಗೆ? ಇದನ್ನೂ ಹೇಳಿಕೊಡಬೇಕಾ ಅನ್ನಬೇಡಿ. ಹೆಲ್ಪ್‌ಡೆಸ್ಕಿಗೆ ಹೋಗುವ ಇಮೇಲ್‌ಗಳು ಹೇಗಿರುತ್ತವೆ ಗೊತ್ತಾ? 'ಸರ್ ನನ್ನ ಅಸೈನ್‌ಮೆಂಟ್ ಪ್ರಾಬ್ಲಂ ಆಗಿದೆ, ದಯವಿಟ್ಟು ಬೇಗ ಪರಿಹರಿಸಿ.' ಹೆಸರಿಲ್ಲ, ನಂಬರಿಲ್ಲ, ಏನು ಪ್ರಾಬ್ಲಂ ಅಂತ ಇಲ್ಲ. ಆ ಕಡೆ ಕೂತವರ ಮುಂದೆ ಇಂಥವು ರಾಶಿ ಬಿದ್ದಿರುತ್ತವೆ. ಅವರು ಮೊದಲು ಮುಗಿಸುವುದು ಬೇಗ ಮುಗಿಯುವುದನ್ನು. ಅದಕ್ಕೇ ಹೀಗೆ ಬರೆಯಿರಿ: 'ನನ್ನ ನೋಂದಣಿ ಸಂಖ್ಯೆ ಇದು. ಕೋರ್ಸ್ ಕೋಡ್ ಇದು. ಅಸೈನ್‌ಮೆಂಟನ್ನು ಇಂಥ ದಿನ ಅಪ್‌ಲೋಡ್ ಮಾಡಿದ್ದೇನೆ, ಅದರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಪೋರ್ಟಲ್‌ನಲ್ಲಿ ಸಲ್ಲಿಸಿಲ್ಲ ಅಂತ ತೋರಿಸುತ್ತಿದೆ. ಪರೀಕ್ಷೆ ಫಾರಂ ತುಂಬಲು ಕೊನೆ ದಿನ ಇಷ್ಟನೇ ತಾರೀಕು. ಅಷ್ಟರೊಳಗೆ ಸರಿಪಡಿಸಿ.' ಅಷ್ಟೇ. ಒಂದು ಇಮೇಲ್‌ಗೆ ಒಂದೇ ಸಮಸ್ಯೆ. ಇಂಗ್ಲಿಷಿನಲ್ಲಿ ಬರೆಯಬೇಕಾದಲ್ಲೂ ಇದೇ ಆರು ಸಣ್ಣ ವಾಕ್ಯ ಸಾಕು, ವ್ಯಾಕರಣಕ್ಕೆ ಹೆದರಿ ಸುಮ್ಮನಿರಬೇಡಿ. ನಾಲ್ಕು ದಿನ ಉತ್ತರ ಬರದಿದ್ದರೆ ಅದೇ ಇಮೇಲ್‌ಗೆ ಉತ್ತರವಾಗಿ ಮತ್ತೊಮ್ಮೆ ಬರೆಯಿರಿ. ಹೊಸದಾಗಿ ಬರೆದರೆ ಹಳೆಯದರ ಕೊಂಡಿ ತಪ್ಪುತ್ತದೆ. ಏನೇ ಅಪ್‌ಲೋಡ್ ಮಾಡಿದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪಾಠದ ಅನುಮಾನಕ್ಕೆ ದಾರಿ ಬೇರೆ. ಆನ್‌ಲೈನ್ ಕೋರ್ಸುಗಳಲ್ಲಿ ವಿಡಿಯೋ, ಓದುವ ಸಾಮಗ್ರಿ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು ಇವುಗಳ ಜೊತೆಗೆ ಚರ್ಚೆಗೆ ಅಂತ ಒಂದು ಜಾಗ ಇರಲೇಬೇಕು. ನಿಯಮದಲ್ಲೇ ಇದೆ. ಬಹಳ ಕಡೆ ಅದು ಬಿಕೋ ಅನ್ನುತ್ತಿರುತ್ತದೆ. ಎಲ್ಲರೂ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತಾರೆ. ಅಲ್ಲಿ ಗುಡ್ ಮಾರ್ನಿಂಗ್ ಹೂವು ಬರುತ್ತದೆ, ಕೊನೆ ದಿನ ಮುಂದೆ ಹೋಯಿತಂತೆ ಅನ್ನುವ ಗಾಳಿಸುದ್ದಿ ಬರುತ್ತದೆ, ಮೇಷ್ಟ್ರು ಮಾತ್ರ ಬರುವುದಿಲ್ಲ. ಮೇಷ್ಟ್ರು ಓದುವ ಜಾಗದಲ್ಲಿ ಕೇಳಿ. ನೀವು ಎಷ್ಟು ಸಲ ಲಾಗಿನ್ ಆದಿರಿ, ಏನು ಮಾಡಿದಿರಿ ಅಂತ ಅಲ್ಲಿ ದಾಖಲಾಗುತ್ತದೆ. ಆನ್‌ಲೈನ್ ಅಂದಮಾತ್ರಕ್ಕೆ ಹಾಜರಿ ಇಲ್ಲ ಅಂತಲ್ಲ.

ನೆಟ್‌ವರ್ಕಿನ ಗೋಳು ನಿಮಗೆ ನಾನು ಹೇಳಬೇಕಿಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ದೇವರಿಗೇ ಗೊತ್ತು. ಜುಲೈ ಸಾಲಿಗೆ ಸೇರಿದವರ ಮೊದಲ ತರಗತಿಗಳು ಸರಿಯಾಗಿ ಮಳೆಯ ಮಧ್ಯೆಯೇ ಬರುತ್ತವೆ. ಲೈವ್ ತರಗತಿಯನ್ನೇ ನೆಚ್ಚಿಕೊಳ್ಳಬೇಡಿ. ರೆಕಾರ್ಡಿಂಗ್ ಕೊಡುತ್ತಾರಾ, ಡೌನ್‌ಲೋಡ್ ಆಗುತ್ತದಾ, ಕಡಿಮೆ ರೆಸಲ್ಯೂಶನ್‌ನಲ್ಲಿ ಸಿಗುತ್ತದಾ ಅಂತ ಫೀಸು ಕಟ್ಟುವ ಮುಂಚೆಯೇ ಕೇಳಿ. ನಿಮ್ಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರ ಆಗಿದೆ. ಎಷ್ಟೋ ಕಡೆ ಕಂಪ್ಯೂಟರು, ಇಂಟರ್‌ನೆಟ್ಟು ಇದೆ. ವಾರಕ್ಕೊಮ್ಮೆ ಹೋಗಿ ಪೂರ್ತಿ ವಾರದ್ದನ್ನು ಇಳಿಸಿಕೊಂಡು ಬರಬಹುದು. ಪಾಠ ಪ್ರಸಾರ ಮಾಡುವ ಸ್ವಯಂಪ್ರಭಾ ಚಾನೆಲ್‌ಗಳು ಡಿಶ್‌ನಲ್ಲಿ ಪುಕ್ಕಟೆ ಬರುತ್ತವೆ, ನೆಟ್ ಬೇಡ. ಮಳೆ ಜೋರಾದರೆ ಡಿಶ್ಶೂ ಕೈಕೊಡುತ್ತದೆ ಅನ್ನುವುದು ಬೇರೆ ಮಾತು.

ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ ಇದ್ದರೆ ಇನ್ನೂ ಹುಷಾರು. ಗುರುತಿನ ಚೀಟಿ ತೋರಿಸಬೇಕು, ಕ್ಯಾಮೆರಾ ತಿರುಗಿಸಿ ಕೋಣೆ ತೋರಿಸಬೇಕು. ನಡುವೆ ಅಜ್ಜಿ ಬಂದು 'ಕಾಫಿ ಬೇಕೇನೇ' ಅಂದರೂ ಅನುಮಾನದ ಗುರುತು ಬೀಳುತ್ತದೆ. ರೂಟರಿಗೆ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಅಣಕು ಪರೀಕ್ಷೆ ಬಿಡಬೇಡಿ. ಕೇಂದ್ರಕ್ಕೆ ಹೋಗಿ ಬರೆಯುವ ಆಯ್ಕೆ ಇದ್ದರೆ ಮಲೆನಾಡಿನವರು ಅದನ್ನೇ ಆರಿಸಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಬಸ್ಸಿನ ಖರ್ಚು ಹೋದರೆ ಹೋಗಲಿ.

ಅಂಗವೈಕಲ್ಯ ಇರುವವರಿಗೆ ಒಂದು ಮಾತು. ನೀವು ಹೇಳಿದ್ದನ್ನು ಬರೆದುಕೊಡುವವರು ಬೇಕು ಅಂತ ಕೇಳುವುದು ನಿಮ್ಮ ಹಕ್ಕು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಇದೆ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ. ಆದರೆ ಪರೀಕ್ಷೆಯ ದಿನ ಹೋಗಿ ಕೇಳಿದರೆ ಕಷ್ಟ. ಫಾರಂ ತುಂಬುವಾಗಲೇ ಸರ್ಟಿಫಿಕೇಟ್ ಲಗತ್ತಿಸಿ ಬರೆದುಕೊಡಿ.

ಹೆಣ್ಣುಮಕ್ಕಳು ಜಾಸ್ತಿ ಬಂದಿದ್ದೀರಿ, ಅದಕ್ಕೇ ಇದನ್ನು ಹೇಳುತ್ತೇನೆ. ಪುಸ್ತಕ ಹಿಡಿದು ಕೂತರೆ ಮನೆಯವರಿಗೆ ಓದುತ್ತಿದ್ದಾಳೆ ಅಂತ ಕಾಣುತ್ತದೆ. ಮೊಬೈಲ್ ಹಿಡಿದು ಕೂತರೆ? 'ಮೂರು ಹೊತ್ತೂ ಮೊಬೈಲ್ ನೋಡ್ತಾಳೆ.' ಅತ್ತೆಯನ್ನೂ ದೂರುವ ಹಾಗಿಲ್ಲ, ಅವರಿಗೆ ಕಾಣುವುದು ಅಷ್ಟೇ ಅಲ್ವಾ? ನಾನು ಹೇಳುವುದು ಇಷ್ಟೇ. ವೇಳಾಪಟ್ಟಿಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ತರಗತಿ ಅಂತ ಎಲ್ಲರಿಗೂ ಕಾಣಲಿ. ಎಲ್ಲರೂ ಮಲಗಿದ ಮೇಲೆ ಓದಿದರಾಯಿತು ಅಂತ ಶುರುಮಾಡಿದವರು ಒಂದು ಸೆಮಿಸ್ಟರ್ ದಾಟಿದ್ದು ಕಡಿಮೆ. ಒಬ್ಬಂಟಿಯಾಗಿ ಓದಿ ಓದಿ ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬಿಟ್ಟೆ. ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ.

'ಮೇಡಂ, ಆನ್‌ಲೈನ್ ಎಂ.ಎ. ಮಾಡಿದರೆ ಕೆ-ಸೆಟ್ ಬರೆಯಬಹುದಾ?'

ಕೆ-ಸೆಟ್ ಅಂದರೆ ಕಾಲೇಜಿನ ಮೇಷ್ಟ್ರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ. ಮಾನ್ಯತೆ ಇರುವ ಕೋರ್ಸಾದರೆ ಬರೆಯಬಹುದು. ಆದರೆ ಎಂ.ಎ.ಯಲ್ಲಿ ಶೇ. 55 ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವೈಕಲ್ಯ ಇರುವವರಿಗೆ 50. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್‌ಗೂ ಇದೇ. ಪಾಸಾದರೆ ಸಾಕು ಅಂತ ಓದಿದವರು ಆಮೇಲೆ ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೇಷ್ಟ್ರಾಗುವ ಆಸೆ ಇದ್ದರೆ ಮೊದಲ ಪೇಪರಿನಿಂದಲೇ 55 ದಾಟುವುದನ್ನು ನೋಡಿಕೊಳ್ಳಿ. ಅಸೈನ್‌ಮೆಂಟಿನ 30 ಅಂಕ ಇಲ್ಲಿ ಕೈಹಿಡಿಯುತ್ತದೆ.

'ನಾನು ಈಗ ಬಿ.ಎಡ್. ಮಾಡುತ್ತಿದ್ದೇನೆ. ಜೊತೆಗೇ ಎಂ.ಎ. ಮಾಡಬಹುದಾ?'

ಒಂದು ಕಾಲೇಜಿಗೆ ಹೋಗಿ, ಇನ್ನೊಂದು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ, ಹೀಗೆ ಎರಡು ಪದವಿ ಒಟ್ಟಿಗೆ ಮಾಡಲು 2022ರ ಏಪ್ರಿಲ್‌ನಿಂದ ಯುಜಿಸಿ ಅವಕಾಶ ಕೊಟ್ಟಿದೆ. ನಿಮ್ಮ ವಿಶ್ವವಿದ್ಯಾಲಯವೂ ಅದನ್ನು ಒಪ್ಪಿರಬೇಕು, ಬರೆದು ಕೇಳಿ ಉತ್ತರ ಇಟ್ಟುಕೊಳ್ಳಿ. ಆಮೇಲೆ ಗಂಟೆಯ ಲೆಕ್ಕ ಮರೆಯಬೇಡಿ.

'ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಎಂ.ಎಸ್. ಮಾಡಬೇಕು ಅಂತಿದ್ದೇನೆ.' (ಬೆಂಗಳೂರಿನ ಕಂಪನಿಗೆ ಹಾಸನದ ಮನೆಯಿಂದಲೇ ಕೆಲಸ ಮಾಡುವ ಹುಡುಗ.)

ಒಳ್ಳೆಯದು. ಜಾರ್ಜಿಯಾ ಟೆಕ್ 2014ರಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಅನ್ನು ಆನ್‌ಲೈನ್‌ಗೆ ತಂದಾಗ ಪೂರ್ತಿ ಕೋರ್ಸಿನ ಫೀಸು ಸುಮಾರು 7000 ಡಾಲರ್ ಇತ್ತು. ಅಲ್ಲಿನ ಉಳಿದ ಕೋರ್ಸುಗಳ ಮುಂದೆ ತುಂಬಾ ಕಡಿಮೆ. ಹತ್ತು ಪೇಪರು, ಅವರ ಲೆಕ್ಕದಲ್ಲಿ 30 ಕ್ರೆಡಿಟ್. ಸೇರುವುದಕ್ಕಿಂತ ಉಳಿದುಕೊಳ್ಳುವುದು ಕಷ್ಟ. ಅಮೆರಿಕದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯ ಸರಾಸರಿ ಸಾಮಾನ್ಯವಾಗಿ 4ಕ್ಕೆ 3ರ ಕೆಳಗೆ ಇಳಿಯಬಾರದು. ಇಳಿದರೆ ಎಚ್ಚರಿಕೆಯ ಪಟ್ಟಿಗೆ ಹಾಕುತ್ತಾರೆ, ಸುಧಾರಿಸದಿದ್ದರೆ ಹೊರಗೆ ಕಳಿಸುತ್ತಾರೆ. ನಮ್ಮ ಹಾಗೆ ಪಾಸಾದರೆ ಸಾಕು ಅನ್ನುವುದಿಲ್ಲ. ಆದರೆ ಬರೆದದ್ದನ್ನು ನೋಡಿಕೊಡುವ ರೈಟಿಂಗ್ ಸೆಂಟರ್, ಲೈಬ್ರರಿಯನ್‌ಗಳು, ಅಡ್ವೈಸರ್ ಎಲ್ಲ ಇರುತ್ತಾರೆ. ಅಲ್ಲಿನವರು ನಾಚಿಕೆ ಇಲ್ಲದೆ ಬಳಸುತ್ತಾರೆ, ನೀವೂ ಬಳಸಿ. ಇನ್ನೊಂದು. ಅವರ ಪೂರ್ವ ಕರಾವಳಿಯ ಭಾನುವಾರ ರಾತ್ರಿ 11.59 ಅಂದರೆ ನಮಗೆ ಸೋಮವಾರ ಬೆಳಗ್ಗೆ 9.29. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ 10.29. ನಿಮ್ಮ ಆಫೀಸ್ ಮೀಟಿಂಗ್ ಶುರುವಾಗುವ ಹೊತ್ತು ಅದು, ನೋಡಿಕೊಳ್ಳಿ. ಇಲ್ಲಿ ಸರ್ಕಾರಿ ಕೆಲಸದ ಆಸೆ ಇದ್ದರೆ ಆ ಪದವಿಗೆ ಇಲ್ಲಿ ಸಮಾನತೆ ಸಿಗುತ್ತದಾ ಅಂತ ಯುಜಿಸಿಯನ್ನು ಮೊದಲೇ ಬರೆದು ಕೇಳಿ. ಭಾರತದ ಎಡ್‌ಟೆಕ್ ಕಂಪನಿ ವಿದೇಶಿ ಪದವಿ ಕೊಡಿಸುತ್ತೇನೆ ಅಂದರೆ ನಂಬಬೇಡಿ. ಅಂಥ ಒಪ್ಪಂದಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ.

'ಎಷ್ಟು ಇಮೇಲ್ ಮಾಡಿದರೂ ಉತ್ತರವೇ ಬರುವುದಿಲ್ಲ ಮೇಡಂ. ಫೋನ್ ಮಾಡಿದರೆ ಎಂಗೇಜ್. ಏನು ಮಾಡುವುದು?'

ನೀವು ಕಳಿಸಿದ ಇಮೇಲ್‌ಗಳನ್ನೆಲ್ಲ ತಾರೀಕಿನ ಸಮೇತ ಒಂದು ಕಡೆ ಸೇರಿಸಿಕೊಳ್ಳಿ. ಆಮೇಲೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಯುಜಿಸಿಯ 2023ರ ನಿಯಮದ ಪ್ರಕಾರ ಇಂಥ ಸಮಿತಿ ಇರಲೇಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅವರ ತೀರ್ಮಾನ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ, ವಿದ್ಯಾರ್ಥಿಗಳ ದೂರು ವಿಚಾರಿಸಲು ನೇಮಿಸಿರುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ವಕೀಲರು ಬೇಕಿಲ್ಲ. ಸಮಿತಿಯ ಮತ್ತು ಓಂಬುಡ್ಸ್‌ಪರ್ಸನ್‌ರ ವಿವರವನ್ನು ವೆಬ್‌ಸೈಟಿನಲ್ಲೂ ಪ್ರಾಸ್ಪೆಕ್ಟಸ್‌ನಲ್ಲೂ ಹಾಕಿರಬೇಕು ಅಂತ ಅದೇ ನಿಯಮ ಹೇಳುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಹೆಸರು ಹೇಳಿ, ಹೊರಗೆ ಹೋಗುವ ಮುಂಚೆ ಇಲ್ಲೇ ಹುಡುಕಿ ನೋಡೋಣ.